ಆನ್‌ಲೈನ್ ಹರಾಜಿನಲ್ಲಿ ತಪ್ಪಿ ಬಿದ್ದ ಬೆಲೆಗೆ ಕಾರು ಕೊಡಲೇಬೇಕೆ?

ಐದು ಲಕ್ಷ ರೂಪಾಯಿ ಬಾಳುವ ಹಳೆಯ ಕಾರೊಂದು ಆನ್‌ಲೈನ್ ಹರಾಜಿಗೆ ಬಂದಿದೆ ಎಂದುಕೊಳ್ಳಿ. ಬೆಲೆಯ ಜಾಗದಲ್ಲಿ ಒಂದು ಸೊನ್ನೆ ಬಿಟ್ಟುಹೋಗಿ 50,000 ಎಂದು ಕಾಣುತ್ತಿದೆ. ನೀವು ಬಿಡ್ ಹಾಕಿದಿರಿ, ಗೆದ್ದಿದ್ದೀರಿ ಎಂಬ ಸಂದೇಶವೂ ಬಂತು. ಮರುದಿನ ಮಾರುವವರು ಫೋನ್ ಮಾಡಿ, ‘ಬೆಲೆ ತಪ್ಪಾಗಿತ್ತು, ಕಾರು ಕೊಡಲು ಆಗುವುದಿಲ್ಲ’ ಎನ್ನುತ್ತಾರೆ. ಈಗ ಕಾನೂನು ಯಾರ ಕಡೆಗಿದೆ?

ಇದಕ್ಕೆ ಜನರ ಬಳಿ ಎರಡು ಸಿದ್ಧ ಉತ್ತರಗಳಿವೆ. ಒಂದು, ‘ಪರದೆಯ ಮೇಲೆ ಕಂಡ ಬೆಲೆಗೆ ಕೊಡಲೇಬೇಕು, ಸ್ಕ್ರೀನ್‌ಶಾಟ್ ಇದ್ದರೆ ಸಾಕು.’ ಇನ್ನೊಂದು, ‘ತಪ್ಪಾಯಿತು ಎಂದು ಹೇಳಿಬಿಟ್ಟರೆ ಮುಗಿಯಿತು, ಯಾರೂ ಏನೂ ಮಾಡಲಾಗದು.’ ಎರಡೂ ಪೂರ್ತಿ ನಿಜವಲ್ಲ. ಮೊದಲನೆಯದನ್ನು ನಂಬಿದ ಕೊಳ್ಳುವವರು ಬಾರದ ಕಾರಿಗಾಗಿ ಹಣ, ಸಮಯ ಎರಡನ್ನೂ ಕಳೆದುಕೊಳ್ಳಬಹುದು. ಎರಡನೆಯದನ್ನು ನಂಬಿದ ಮಾರುವವರು ಕಾರಿನ ಪೂರ್ತಿ ಬೆಲೆಯನ್ನೇ ದಂಡದಂತೆ ತೆರಬೇಕಾಗಬಹುದು.

ಈ ಬಗೆಯ ಜಗಳಗಳು ಬೇರೆ ಬೇರೆ ದೇಶಗಳ ನ್ಯಾಯಾಲಯಗಳಲ್ಲಿ ಈಗಾಗಲೇ ತೀರ್ಮಾನವಾಗಿವೆ. ಅವುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಬೆಲೆ ಎಷ್ಟು ಕಡಿಮೆ ಎಂಬುದಷ್ಟೇ ಮುಖ್ಯವಲ್ಲ. ಅದು ನಿಜವಾಗಿ ಕೈತಪ್ಪಿ ಬಿದ್ದ ಬೆಲೆಯೇ, ಮತ್ತು ಅದು ತಪ್ಪು ಎಂದು ಕೊಳ್ಳುವವರಿಗೆ ಗೊತ್ತಿತ್ತೇ ಎಂಬ ಎರಡು ಪ್ರಶ್ನೆಗಳೇ ಮುಖ್ಯ.

ಜರ್ಮನಿಯ ಒಂದು ಯೂರೊ ಕಾರು

‘ಜರ್ಮನಿಯಲ್ಲಿ ಒಂದು ಯೂರೊಗೆ ಕಾರು ಕೊಡಬೇಕೆಂದು ಕೋರ್ಟ್ ಹೇಳಿದೆ’ ಎಂಬ ಮಾತಿನ ಹಿಂದೆ ನಿಜವಾದ ಪ್ರಕರಣವಿದೆ. ವ್ಯಕ್ತಿಯೊಬ್ಬರು ಬಳಸಿದ ಫೋಕ್ಸ್‌ವ್ಯಾಗನ್ ಪಸಾಟ್ ಕಾರನ್ನು ಇಬೇ ಹರಾಜಿಗೆ ಹಾಕಿದರು. ಆರಂಭಿಕ ಬೆಲೆ 1 ಯೂರೊ. ಇದಕ್ಕಿಂತ ಕಡಿಮೆಗೆ ಮಾರುವುದಿಲ್ಲ ಎಂಬ ಮೀಸಲು ಬೆಲೆಯನ್ನು ಅವರು ಇಟ್ಟಿರಲಿಲ್ಲ. ಹರಾಜು ಶುರುವಾದ ಸ್ವಲ್ಪ ಹೊತ್ತಿನಲ್ಲೇ ಒಬ್ಬರು 555.55 ಯೂರೊವರೆಗೆ ಹೋಗಲು ಸಿದ್ಧ ಎಂದು ಬಿಡ್ ಹಾಕಿದರು. ಎದುರು ಬಿಡ್ ಇಲ್ಲದ ಕಾರಣ ಬೆಲೆ 1 ಯೂರೊದಲ್ಲೇ ನಿಂತಿತ್ತು. ಕೆಲವು ಗಂಟೆಗಳ ನಂತರ ಮಾರುವವರಿಗೆ ಹೊರಗೆ 4,200 ಯೂರೊ ಕೊಡುವ ಗಿರಾಕಿ ಸಿಕ್ಕರು. ಅವರು ಹರಾಜನ್ನು ಅರ್ಧಕ್ಕೇ ನಿಲ್ಲಿಸಿಬಿಟ್ಟರು.

ಬಿಡ್ ಹಾಕಿದ್ದವರು ಸುಮ್ಮನಿರಲಿಲ್ಲ. ಕಾರಿನ ಬೆಲೆ 5,250 ಯೂರೊ, ಅದರಲ್ಲಿ ತಾನು ಕೊಡಬೇಕಿದ್ದ 1 ಯೂರೊ ಕಳೆದು 5,249 ಯೂರೊ ಪರಿಹಾರ ಕೊಡಿ ಎಂದು ದಾವೆ ಹೂಡಿದರು. 2014ರ ನವೆಂಬರ್ 12ರಂದು ಜರ್ಮನಿಯ ಅತ್ಯುನ್ನತ ಸಿವಿಲ್ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ಮೀಸಲು ಬೆಲೆ ಇಡದೆ 1 ಯೂರೊದಿಂದ ಶುರು ಮಾಡಿದ್ದು ಮಾರುವವರೇ. ಸರಿಯಾದ ಕಾರಣವಿಲ್ಲದೆ ನಿಲ್ಲಿಸಿದ್ದೂ ಅವರೇ. ಆ ಅಪಾಯ ಅವರದೇ ಎಂಬುದು ನ್ಯಾಯಾಲಯದ ನಿಲುವು.

ಇಲ್ಲಿ ಎರಡು ವಿವರಗಳನ್ನು ಗಮನಿಸಿ. ಒಂದು, ಕೊಳ್ಳುವವರಿಗೆ ಸಿಕ್ಕಿದ್ದು ಕಾರಲ್ಲ, ಪರಿಹಾರದ ಹಕ್ಕು. ಎರಡು, ಇಲ್ಲಿ ಬೆಲೆ ತಪ್ಪಿ ಬಿದ್ದಿರಲೇ ಇಲ್ಲ. 1 ಯೂರೊ ಎಂದು ಗೊತ್ತಿದ್ದೇ ಹಾಕಿದ್ದು, ಹೆಚ್ಚು ಜನ ಬರಲಿ ಎಂದು. ಆಮೇಲೆ ಮನಸ್ಸು ಬದಲಾಯಿತು, ಅಷ್ಟೆ. ಮನಸ್ಸು ಬದಲಾದದ್ದನ್ನು ಕಾನೂನು ‘ತಪ್ಪು’ ಎಂದು ಕರೆಯುವುದಿಲ್ಲ.

ಇದೇ ನ್ಯಾಯಾಲಯ 2001ರಲ್ಲೂ ಹೀಗೆಯೇ ಹೇಳಿತ್ತು. ಆಗ ಸುಮಾರು 57,000 ಮಾರ್ಕ್ ಬೆಲೆಯ ಹೊಸ ಪಸಾಟ್ ಆನ್‌ಲೈನ್ ಹರಾಜಿನಲ್ಲಿ 26,350 ಮಾರ್ಕ್‌ಗೆ ನಿಂತಿತ್ತು. ಅತಿ ಹೆಚ್ಚಿನ ಬಿಡ್ಡನ್ನು ಒಪ್ಪುತ್ತೇನೆಂದು ಮೊದಲೇ ಘೋಷಿಸಿದ್ದ ಮಾರಾಟಗಾರರು ಹಿಂದೆ ಸರಿಯುವಂತಿಲ್ಲ ಎಂದು ತೀರ್ಪಾಯಿತು. 2016ರ ಪ್ರಕರಣ ಇನ್ನೂ ಸ್ವಾರಸ್ಯದ್ದು. ಗಾಲ್ಫ್ ಕಾರಿನ ಮಾಲೀಕರು ಮತ್ತೊಂದು ಖಾತೆಯಿಂದ ತಮ್ಮ ಕಾರಿಗೆ ತಾವೇ ಬಿಡ್ ಹಾಕಿ ಬೆಲೆ ಏರಿಸುತ್ತಿದ್ದರು. ಆ ಸುಳ್ಳು ಬಿಡ್‌ಗಳನ್ನೆಲ್ಲ ತೆಗೆದುಹಾಕಿದ ನ್ಯಾಯಾಲಯ, ನಿಜವಾದ ವ್ಯಾಪಾರ 1.50 ಯೂರೊಗೆ ಕುದುರಿದೆ ಎಂದು ಹೇಳಿ, 16,500 ಯೂರೊ ಪರಿಹಾರ ಕೊಡಬೇಕೆಂದಿತು.

ನಿಜವಾಗಿ ಕೈತಪ್ಪಿದ್ದರೆ?

ಜರ್ಮನಿಯ ಈ ಮುಖವನ್ನು ಮಾತ್ರ ನೋಡಿದರೆ ‘ಕಂಡ ಬೆಲೆಗೆ ಕೊಡಲೇಬೇಕು’ ಎಂಬ ಮಾತು ನಿಜವೆನಿಸುತ್ತದೆ. ಆದರೆ ಅದೇ ನ್ಯಾಯಾಲಯದ 2005ರ ತೀರ್ಪು ಬೇರೆ ಕಥೆ ಹೇಳುತ್ತದೆ. ಅಲ್ಲಿ 2,650 ಯೂರೊ ಎಂದು ನಮೂದಿಸಿದ್ದ ಲ್ಯಾಪ್‌ಟಾಪ್ ಬೆಲೆ, ಸಾಫ್ಟ್‌ವೇರ್ ದೋಷದಿಂದ ಮಳಿಗೆಯ ಪುಟದಲ್ಲಿ 245 ಯೂರೊ ಆಗಿ ಕಂಡಿತ್ತು. ಗ್ರಾಹಕರು ಆರ್ಡರ್ ಮಾಡಿದರು, ಯಂತ್ರ ತಾನಾಗಿ ದೃಢೀಕರಣವನ್ನೂ ಕಳಿಸಿತು. ಆದರೂ ಮಾರುವವರು ಈ ಒಪ್ಪಂದವನ್ನು ರದ್ದುಪಡಿಸಬಹುದು ಎಂದು ನ್ಯಾಯಾಲಯ ಹೇಳಿತು. ಹೇಳಬೇಕೆಂದುಕೊಂಡದ್ದು ಒಂದು, ಹೊರಗೆ ಹೋದದ್ದು ಇನ್ನೊಂದು ಆದಾಗ ಜರ್ಮನ್ ಕಾನೂನು ಬಿಡುಗಡೆಯ ದಾರಿ ಕೊಡುತ್ತದೆ. ಆದರೆ ತಪ್ಪು ತಿಳಿದ ಕೂಡಲೇ ಹೇಳಬೇಕು. ಬೆಲೆಯನ್ನು ಪ್ರಾಮಾಣಿಕವಾಗಿ ನಂಬಿ ಎದುರಿನವರು ಖರ್ಚು ಮಾಡಿದ್ದರೆ ಆ ನಷ್ಟವನ್ನೂ ತುಂಬಿಕೊಡಬೇಕು.

ಕಾರಿನ ವಿಷಯದಲ್ಲೂ ಇದಕ್ಕೆ ಉದಾಹರಣೆ ಇದೆ. 2009ರಲ್ಲಿ ಕೊಬ್ಲೆನ್ಜ್ ನಗರದ ಮೇಲ್ಮನವಿ ನ್ಯಾಯಾಲಯದ ಮುಂದೆ ಪೋರ್ಷೆ ಕಾರಿನ ಪ್ರಕರಣ ಬಂತು. ಹೊಸದಾಗಿ ಒಂದು ಲಕ್ಷ ಯೂರೊ ದಾಟುವ ಆ ಕಾರಿನ ಹರಾಜನ್ನು, ತಪ್ಪು ಗಮನಕ್ಕೆ ಬಂದ ಮಾಲೀಕರು ಎಂಟೇ ನಿಮಿಷದಲ್ಲಿ ನಿಲ್ಲಿಸಿದ್ದರು. ಆಗ ಇದ್ದ ಬಿಡ್ 5.50 ಯೂರೊ. ಅಷ್ಟು ಹಣಕ್ಕೆ ಪೋರ್ಷೆ ಸಿಗುತ್ತದೆಂದು ಬಿಡ್ ಹಾಕಿದವರೂ ನಿಜವಾಗಿ ನಂಬಿರಲಾರರು, ಹಾಗಿದ್ದೂ ಭಾರಿ ಪರಿಹಾರ ಕೇಳುವುದು ಹಕ್ಕಿನ ದುರುಪಯೋಗ ಎಂದು ನ್ಯಾಯಾಲಯ ದಾವೆಯನ್ನು ತಳ್ಳಿಹಾಕಿತು.

ಹರಾಜಲ್ಲದಿದ್ದರೂ ಕಾರಿನ ಬೆಲೆಯ ತಪ್ಪಿಗೆ ಅಮೆರಿಕದ ಒಂದು ಪ್ರಕರಣ ಹೆಸರಾಗಿದೆ. ಕ್ಯಾಲಿಫೋರ್ನಿಯಾದ ಡೀಲರ್ ಒಬ್ಬರ ಬಳಸಿದ ಜಾಗ್ವಾರ್ ಕಾರಿನ ಬೆಲೆ 37,995 ಡಾಲರ್. ಪತ್ರಿಕೆಯವರ ತಪ್ಪಿನಿಂದ ಜಾಹೀರಾತಿನಲ್ಲಿ 25,995 ಡಾಲರ್ ಎಂದು ಅಚ್ಚಾಯಿತು. ಗ್ರಾಹಕರು ಬಂದು ಅಷ್ಟೇ ಹಣ ಕೊಡಲು ಸಿದ್ಧರಾದರು. 2001ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್, ಹೌದು, ಒಪ್ಪಂದ ಆಗಿದೆ ಎಂದು ಒಪ್ಪಿತು. ಆದರೆ ತಪ್ಪು ಪ್ರಾಮಾಣಿಕವಾದದ್ದು, ವ್ಯತ್ಯಾಸ ದೊಡ್ಡದು, ಡೀಲರ್ ಆ ಕಾರಿಗೆ ಕೊಟ್ಟ ಹಣವೂ ವಾಪಸ್ ಬಾರದು ಎಂಬ ಕಾರಣಗಳಿಂದ ಒಪ್ಪಂದವನ್ನು ರದ್ದುಪಡಿಸಲು ಅವಕಾಶ ಕೊಟ್ಟಿತು.

ನಿಮ್ಮ ಫಾರ್ವರ್ಡೇ ಸಾಕ್ಷಿಯಾಗಬಹುದು

ಎರಡನೆಯ ಪ್ರಶ್ನೆ, ಅಂದರೆ ಕೊಳ್ಳುವವರಿಗೆ ತಪ್ಪು ಗೊತ್ತಿತ್ತೇ ಎಂಬುದು, ಫೋನ್ ಹಿಡಿದ ನಮಗೆಲ್ಲ ನೇರವಾಗಿ ತಟ್ಟುತ್ತದೆ. 2003ರ ಜನವರಿಯಲ್ಲಿ ಸಿಂಗಪುರದ ಆನ್‌ಲೈನ್ ಮಳಿಗೆಯೊಂದರಲ್ಲಿ 3,854 ಸಿಂಗಪುರ ಡಾಲರ್‌ನ ಲೇಸರ್ ಪ್ರಿಂಟರ್ ತಪ್ಪಾಗಿ 66 ಡಾಲರ್‌ಗೆ ಕಾಣಿಸಿಕೊಂಡಿತು. ಸುದ್ದಿ ನಡುರಾತ್ರಿಯಲ್ಲೇ ಗೆಳೆಯರ ನಡುವೆ ಹರಡಿತು. ಮುಂದೆ ದಾವೆ ಹೂಡಿದ ಆರು ಮಂದಿ ಸೇರಿ 1,606 ಪ್ರಿಂಟರ್‌ಗಳನ್ನು ಆರ್ಡರ್ ಮಾಡಿದ್ದರು.

ತಮಗೆ ತಪ್ಪಿನ ಅರಿವೇ ಇರಲಿಲ್ಲ ಎಂದು ಅವರು ವಾದಿಸಿದರು. ಆದರೆ ಆ ರಾತ್ರಿ ಅವರು ಹಂಚಿಕೊಂಡ ಚಾಟ್ ಮತ್ತು ಇಮೇಲ್‌ಗಳೇ ನ್ಯಾಯಾಲಯದ ಮುಂದೆ ಬಂದವು. ಬೆಲೆ ತಪ್ಪೆಂದು ತಿಳಿದೇ, ಸರಿಪಡಿಸುವ ಮೊದಲು ಬಾಚಿಕೊಳ್ಳಲು ಹೊರಟಿದ್ದರು ಎಂಬುದು ಅವುಗಳಿಂದ ಬಯಲಾಯಿತು. 2004ರಲ್ಲಿ ಹೈಕೋರ್ಟ್, 2005ರಲ್ಲಿ ಮೇಲ್ಮನವಿ ನ್ಯಾಯಾಲಯ, ಎರಡೂ ಆ ಒಪ್ಪಂದಗಳು ನಿಲ್ಲುವುದಿಲ್ಲ ಎಂದವು.

‘ಬೇಗ ಬುಕ್ ಮಾಡಿ, ಬೆಲೆ ತಪ್ಪಾಗಿ ಹಾಕಿದ್ದಾರೆ, ಸರಿಪಡಿಸುವ ಮೊದಲು ತಗೊಳ್ಳಿ’ ಎಂಬ ಸಂದೇಶವನ್ನು ಗುಂಪಿಗೆ ಕಳಿಸುವ ಮೊದಲು ಇದನ್ನು ನೆನಪಿಡಿ. ಆ ಒಂದು ಸಾಲು ನಿಮ್ಮ ಹಕ್ಕನ್ನು ಗಟ್ಟಿ ಮಾಡುವುದಿಲ್ಲ. ತಪ್ಪು ನಿಮಗೆ ಗೊತ್ತಿತ್ತು ಎಂದು ನೀವೇ ಬರೆದುಕೊಟ್ಟಂತೆ ಆಗುತ್ತದೆ.

ನಮ್ಮ ದೇಶದ ಕಾನೂನು ಏನು ಹೇಳುತ್ತದೆ?

ಜರ್ಮನಿಯ ಆ ಪ್ರಕರಣಗಳಲ್ಲಿ ಕಾರನ್ನು ಹರಾಜಿಗೆ ಹಾಕುವುದೇ ಮಾರುವವರನ್ನು ಕಟ್ಟಿಹಾಕಿತು. ಭಾರತದಲ್ಲಿ ಕ್ರಮ ಬೇರೆ. 1930ರ ಸರಕು ಮಾರಾಟ ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ, ಹರಾಜು ನಡೆಸುವವರು ಸುತ್ತಿಗೆ ಬಡಿದೋ ರೂಢಿಯ ಬೇರೆ ರೀತಿಯಲ್ಲೋ ಮುಗಿಯಿತೆಂದು ಸಾರಿದಾಗಲೇ ಮಾರಾಟ ಪೂರ್ತಿಯಾಗುತ್ತದೆ. ಅಲ್ಲಿಯವರೆಗೆ ಬಿಡ್ ಹಾಕಿದವರು ಅದನ್ನು ಹಿಂಪಡೆಯಬಹುದು. ಮೀಸಲು ಬೆಲೆ ಇಟ್ಟಿದ್ದೇವೆಂದು ಮಾರುವವರು ಮೊದಲೇ ತಿಳಿಸಬಹುದು. ಸುಳ್ಳು ಬಿಡ್ ಹಾಕಿಸಿ ಬೆಲೆ ಏರಿಸಿದ್ದರೆ, ಆ ಮಾರಾಟವನ್ನು ತಿರಸ್ಕರಿಸುವ ಹಕ್ಕು ಕೊಂಡವರಿಗೆ ಇದೆ.

ಬೆಲೆ ತಿಳಿಸಿದ ಮಾತ್ರಕ್ಕೆ ಮಾರಲು ಒಪ್ಪಿದಂತಲ್ಲ ಎಂಬ ನಿಯಮಕ್ಕೆ ನಮ್ಮ ಕೊಡಗಿನದೇ ಪ್ರಕರಣವಿದೆ. ಮಡಿಕೇರಿಯ ಬಂಗಲೆಯೊಂದನ್ನು ಕೊಳ್ಳಲು ಮುಂದಾದವರಿಗೆ, ಹತ್ತು ಸಾವಿರಕ್ಕಿಂತ ಕಡಿಮೆಗೆ ಒಪ್ಪುವುದಿಲ್ಲ ಎಂಬ ಉತ್ತರ ಮಾಲೀಕರಿಂದ ತಂತಿಯಲ್ಲಿ ಬಂದಿತ್ತು. ಹತ್ತು ಸಾವಿರಕ್ಕೆ ನಾನು ಸಿದ್ಧ ಎಂದ ಕೂಡಲೇ ವ್ಯಾಪಾರ ಮುಗಿಯಿತು ಎಂಬುದು ಕೊಳ್ಳುವವರ ವಾದ. 1951ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಆ ತಂತಿ ಬೆಲೆ ಕೇಳಲು ಕೊಟ್ಟ ಆಹ್ವಾನ ಮಾತ್ರ, ಒಪ್ಪಂದ ಆಗಿಲ್ಲ ಎಂದಿತು.

ಹಾಗಾದರೆ ಒಪ್ಪಂದ ಆದ ಮೇಲೆ? ಇಲ್ಲಿ ಮಾರುವವರು ಎಚ್ಚರವಾಗಿರಬೇಕು. 1872ರ ಭಾರತೀಯ ಕರಾರು ಕಾಯ್ದೆಯ 22ನೇ ಸೆಕ್ಷನ್, ಒಬ್ಬರ ಕಡೆಯಿಂದ ತಪ್ಪಾಗಿದೆ ಎಂಬ ಒಂದೇ ಕಾರಣಕ್ಕೆ ಕರಾರನ್ನು ರದ್ದುಪಡಿಸಲಾಗದು ಎನ್ನುತ್ತದೆ. ಇಬ್ಬರೂ ಮುಖ್ಯ ಸಂಗತಿಯೊಂದರಲ್ಲಿ ತಪ್ಪು ತಿಳಿದಿದ್ದರೆ ಮಾತ್ರ 20ನೇ ಸೆಕ್ಷನ್ ಅದನ್ನು ಅಸಿಂಧು ಎನ್ನುತ್ತದೆ. ಇನ್ನೊಂದು ಕಡೆ, ಇಬ್ಬರೂ ಒಂದೇ ವಿಷಯಕ್ಕೆ ಒಂದೇ ಅರ್ಥದಲ್ಲಿ ಒಪ್ಪಿರಬೇಕು ಎನ್ನುವ 13ನೇ ಸೆಕ್ಷನ್ ಕೂಡ ಇದೆ. ತಪ್ಪನ್ನು ಕಂಡೂ ಕಾಣದಂತೆ ಬಿಡ್ ಹಾಕಿದವರ ವಿರುದ್ಧ ಮಾರುವವರು ಇದನ್ನು ಆಧರಿಸಿ ವಾದಿಸಬಹುದು.

ತಪ್ಪಲ್ಲ, ಬಲೆ

ಕೆಲವೊಮ್ಮೆ ಕಡಿಮೆ ಬೆಲೆ ತಪ್ಪೇ ಅಲ್ಲ, ಬೇಕೆಂದೇ ಹಾಕಿದ್ದು. ಅಂಗಡಿಗೆ ಜನರನ್ನು ಸೆಳೆಯಲು, ಆ ಬೆಲೆಗೆ ಮಾರುವ ಉದ್ದೇಶವೇ ಇಲ್ಲದೆ ಜಾಹೀರಾತು ಕೊಡುವುದನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಗಳು ತಡೆಯುತ್ತವೆ. ಹೇಳಿದ ಬೆಲೆಗೆ ಮಾರುವ ನಿಜವಾದ ಸಾಧ್ಯತೆ ಇರಲೇಬೇಕು.

ಇನ್ನೂ ಕೆಟ್ಟದ್ದು ಶುದ್ಧ ವಂಚನೆ. ‘ಬ್ಯಾಂಕ್ ಜಪ್ತಿ ಮಾಡಿದ ಕಾರು, ಇವತ್ತೇ ಮುಂಗಡ ಕಳಿಸಿದರೆ ನಿಮಗೆ’ ಎಂದು ಹೇಳಿ ಹಣ ಬಂದ ಕೂಡಲೇ ಫೋನ್ ಆಫ್ ಮಾಡುವವರಿದ್ದಾರೆ. ಇಲ್ಲಿ ‘ಕಂಡ ಬೆಲೆಗೆ ಕೊಡಲೇಬೇಕು’ ಎಂಬ ನಂಬಿಕೆಯೇ ಅವರ ಬಂಡವಾಳ. ಕಾನೂನು ನಮ್ಮ ಕಡೆ ಇದೆ ಎಂಬ ಧೈರ್ಯದಲ್ಲಿ ನಾವು ಮುಂಗಡ ಕಳಿಸುತ್ತೇವೆ. ಕಾನೂನು ಕಟ್ಟಿಹಾಕಲು ಎದುರಿಗೆ ನಿಜವಾದ ಮನುಷ್ಯ, ನಿಜವಾದ ಕಾರು ಇರಬೇಕಲ್ಲ?

ಏನು ಮಾಡಬೇಕು?

ಕೊಳ್ಳುವವರಾದರೆ, ಅದೇ ಮಾದರಿಯ, ಅದೇ ವರ್ಷದ ಕಾರು ಬೇರೆಡೆ ಎಷ್ಟಿದೆ ನೋಡಿ. ವ್ಯತ್ಯಾಸ ನಂಬಲಾಗದಷ್ಟಿದ್ದರೆ, ಬೆಲೆ ಸರಿಯೇ ಎಂದು ಮಾರುವವರನ್ನು ಬರಹದಲ್ಲೇ ಕೇಳಿ. ಹೌದು ಎಂಬ ಉತ್ತರ ಬಂದರೆ ನಿಮ್ಮ ಕೈ ಬಲವಾಗುತ್ತದೆ. ಹರಾಜಿನ ಷರತ್ತುಗಳನ್ನು ಓದಿ, ಬಿಡ್ ಮತ್ತು ದೃಢೀಕರಣದ ಪ್ರತಿ ಇಟ್ಟುಕೊಳ್ಳಿ. ಕಾರು, ಆರ್‌ಸಿ ಎರಡನ್ನೂ ಕಣ್ಣಾರೆ ನೋಡದೆ ಅಪರಿಚಿತರಿಗೆ ಹಣ ಕಳಿಸಬೇಡಿ. ಕಾರು ಕೈಗೆ ಬರುವ ಮೊದಲೇ ಅದನ್ನು ನೆಚ್ಚಿ ಹಳೆಯ ಗಾಡಿ ಮಾರಬೇಡಿ.

ಮಾರುವವರಾದರೆ, ಮೀಸಲು ಬೆಲೆ ಇಡಿ, ಸೊನ್ನೆಗಳನ್ನು ಎಣಿಸಿ. ತಪ್ಪು ಕಂಡ ಕೂಡಲೇ ಸರಿಪಡಿಸಿ, ಬಿಡ್ ಹಾಕಿದವರಿಗೆ ಬರಹದಲ್ಲಿ ತಿಳಿಸಿ, ಪಡೆದ ಹಣವಿದ್ದರೆ ತಡಮಾಡದೆ ವಾಪಸ್ ಮಾಡಿ. ಹೆಚ್ಚು ಕೊಡುವ ಗಿರಾಕಿ ಸಿಕ್ಕ ಮೇಲೆ ‘ತಪ್ಪಾಗಿತ್ತು’ ಎಂಬ ನೆಪ ಹೂಡಬೇಡಿ. ಪಸಾಟ್ ಮಾಲೀಕರಿಗೆ ದುಬಾರಿಯಾದದ್ದು ಹರಾಜನ್ನು ಬಿಟ್ಟು ಹೊರಗಿನ ಗಿರಾಕಿಯ ಹಿಂದೆ ಹೋದದ್ದೇ.

ಆನ್‌ಲೈನ್ ವ್ಯಾಪಾರಿಯೊಂದಿಗೆ ತಕರಾರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಹಣ ಕಳಿಸಿ ಮೋಸಹೋದರೆ ಒಂದು ಗಳಿಗೆಯೂ ಕಾಯದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಹೇಳಿ. ಬೇಗ ಹೇಳಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಹಾಗಾದರೆ ಮೊದಲಿನ ಪ್ರಶ್ನೆಗೆ ಉತ್ತರ? 50,000 ಎಂದು ಕಂಡ ಐದು ಲಕ್ಷದ ಕಾರಿನಲ್ಲಿ ಸೊನ್ನೆ ನಿಜವಾಗಿ ಬಿಟ್ಟುಹೋಗಿದ್ದು, ಅದು ನಿಮ್ಮ ಕಣ್ಣಿಗೂ ಬಿದ್ದಿದ್ದರೆ, ಆ ಬೆಲೆಗೆ ಕಾರು ಸಿಗುತ್ತದೆಂದು ನೆಚ್ಚಬೇಡಿ. ಅದೇ ಕಾರನ್ನು ಮಾರುವವರು ಗೊತ್ತಿದ್ದೇ ಕಡಿಮೆಗೆ ಹರಾಜಿಗೆ ಬಿಟ್ಟು, ನೀವು ಗೆದ್ದಿರೆಂದು ಸಾರಿದ ಮೇಲೆ ಹಿಂದೆ ಸರಿದರೆ, ಸುಮ್ಮನೆ ಬಿಟ್ಟುಕೊಡಬೇಡಿ. ಅಗ್ಗದ ಬೆಲೆ ಬೇರೆ, ತಪ್ಪಿದ ಬೆಲೆ ಬೇರೆ.