ಕೊಡಗಿನ ಒಕ್ಕದಿಂದ ಇಟಲಿಯ ಪೌರತ್ವದವರೆಗೆ: ವಂಶಕ್ಕೆ ಸಾಕ್ಷಿ ರಕ್ತವೇ, ಕಾಗದವೇ?

"ಕೊಡವರು ಅಲೆಕ್ಸಾಂಡರನ ಸೈನಿಕರ ವಂಶದವರಂತೆ, ಹೌದಾ?" ಓದಲೋ ಕೆಲಸಕ್ಕೋ ಕೊಡಗಿನಿಂದ ಹೊರಗೆ ಹೋದವರಿಗೆ ಈ ಪ್ರಶ್ನೆ ಒಮ್ಮೆಯಾದರೂ ಎದುರಾಗಿರುತ್ತದೆ. ಗ್ರೀಕರ ಬದಲು ಅರಬರೆಂದು ಹೇಳುವವರೂ ಇದ್ದಾರೆ. ಈಚೆಗೆ ಇದಕ್ಕೆ ಇನ್ನೊಂದು ಮಾತು ಸೇರಿಕೊಂಡಿದೆ: "ಒಂದು ಡಿಎನ್‌ಎ ಟೆಸ್ಟ್ ಮಾಡಿಸಿದರೆ ಗೊತ್ತಾಗುತ್ತದೆ. ಅದನ್ನೇ ತೋರಿಸಿ ಆ ದೇಶದ ಪಾಸ್‌ಪೋರ್ಟನ್ನೂ ಕೇಳಬಹುದು."

ಈ ಮಾತುಗಳಲ್ಲಿ ಮೂರು ಬೇರೆ ಬೇರೆ ವಿಷಯಗಳು ಬೆರೆತಿವೆ. ನಮ್ಮ ಮೂಲದ ಬಗ್ಗೆ ನಾವು ಹೇಳಿಕೊಳ್ಳುವ ಕಥೆ ಒಂದು, ನಮ್ಮ ಜೀನ್‌ಗಳಲ್ಲಿ ಇರುವುದು ಇನ್ನೊಂದು, ಸರ್ಕಾರಿ ಕಚೇರಿ ಒಪ್ಪುವ ದಾಖಲೆ ಮತ್ತೊಂದು. ಒಂದರ ಉತ್ತರ ಇನ್ನೊಂದಕ್ಕೆ ಹೊಂದುವುದಿಲ್ಲ.

ಅಲೆಕ್ಸಾಂಡರನ ಕಥೆಯಲ್ಲಿ ಹುರುಳಿದೆಯೇ?

ಕ್ರಿ.ಪೂ. 326ರಲ್ಲಿ ಅಲೆಕ್ಸಾಂಡರನ ಸೈನ್ಯ ಪಂಜಾಬಿನ ಬಿಯಾಸ್ ನದಿಯ ದಡದಿಂದ ಹಿಂದಿರುಗಿತು. ಅದು ದಕ್ಷಿಣ ಭಾರತಕ್ಕೆ ಬಂದೇ ಇಲ್ಲ. ಕೊಡವರು ಆಡುವ ಕೊಡವ ತಕ್ಕ್ ಕನ್ನಡ, ತಮಿಳು, ಮಲಯಾಳಗಳಂತೆ ದಕ್ಷಿಣ ದ್ರಾವಿಡ ಗುಂಪಿಗೆ ಸೇರಿದ ಭಾಷೆ. ಕುಪ್ಯದ ಉಡುಗೆಯನ್ನೋ ಮೂಗಿನ ಆಕಾರವನ್ನೋ ನೋಡಿ ಮೂಲ ಹೇಳುವುದು ಊಹೆಯಷ್ಟೇ. ಉಡುಗೆ ಎರವಲು ಬರಬಹುದು. ಮೈಬಣ್ಣ, ಮೂಗು ಒಂದೇ ಊರಿನಲ್ಲಿ, ಒಂದೇ ಮನೆಯಲ್ಲಿ ಕೂಡ ಬೇರೆ ಬೇರೆಯಾಗಿರುತ್ತವೆ.

ಡಿಎನ್‌ಎ ಪರೀಕ್ಷೆ ಏನು ಹೇಳುತ್ತದೆ?

ಲೆಕ್ಕ ಸರಳ. ನಿಮಗೆ ಇಬ್ಬರು ತಂದೆತಾಯಿ, ನಾಲ್ವರು ಅಜ್ಜ-ಅಜ್ಜಿಯರು, ಎಂಟು ಮಂದಿ ಮುತ್ತಜ್ಜ-ಮುತ್ತಜ್ಜಿಯರು. ಹೀಗೆ ಹತ್ತು ತಲೆಮಾರು ಹಿಂದೆ ಹೋದರೆ 1024 ಸ್ಥಾನಗಳು ಸಿಗುತ್ತವೆ. ಒಬ್ಬೊಬ್ಬರ ಪಾಲು ಸರಾಸರಿ ಸಾವಿರದಲ್ಲಿ ಒಂದು. ಅವರಲ್ಲಿ ಹಲವರಿಂದ ನಿಮಗೆ ಡಿಎನ್‌ಎಯ ಒಂದು ತುಣುಕೂ ಬಂದಿರುವುದಿಲ್ಲ. ತಲೆಮಾರಿಗೆ 25 ವರ್ಷವೆಂದರೂ ಅಲೆಕ್ಸಾಂಡರನ ಕಾಲ 90ಕ್ಕೂ ಹೆಚ್ಚು ತಲೆಮಾರು ಹಿಂದಿನದು.

ತಂದೆಯಿಂದ ಮಗನಿಗೆ ಮಾತ್ರ ಹೋಗುವ ವೈ ಕ್ರೋಮೋಸೋಮ್ ಬಹಳ ಹಿಂದಿನವರೆಗೂ ದಾರಿ ತೋರಿಸುತ್ತದೆ, ನಿಜ. ಆದರೆ ಆ 1024ರಲ್ಲಿ ಅದು ಹೇಳುವುದು ಒಬ್ಬನ ಕಥೆಯನ್ನು ಮಾತ್ರ. ವರದಿಯಲ್ಲಿ ಬರುವ "ಇಷ್ಟು ಶೇಕಡಾ ಯುರೋಪ್, ಇಷ್ಟು ಶೇಕಡಾ ದಕ್ಷಿಣ ಏಷ್ಯಾ" ಎಂಬ ಅಂಕಿಗಳು ಕಂಪನಿಯ ಬಳಿ ಇರುವ ಇಂದಿನ ಜನರ ಮಾದರಿಗಳಿಗೆ ಹೋಲಿಸಿ ಮಾಡಿದ ಅಂದಾಜು. ಮಾದರಿಗಳು ಹೆಚ್ಚಾದಂತೆ ಅದೇ ವ್ಯಕ್ತಿಯ ಅಂಕಿಯೂ ಬದಲಾಗುತ್ತದೆ.

ಇಂಥ ಪರೀಕ್ಷೆಯನ್ನು ಜನಪ್ರಿಯಗೊಳಿಸಿದ ಅಮೆರಿಕದ 23ಆ್ಯಂಡ್‌ಮಿ ಕಂಪನಿ 2025ರ ಮಾರ್ಚ್‌ನಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿದಾಗ, ಲಕ್ಷಾಂತರ ಜನರ ಜೀನ್ ಮಾಹಿತಿ ಯಾರ ಕೈ ಸೇರುತ್ತದೆಂಬ ಆತಂಕ ಎದ್ದಿತ್ತು. ಎಂಜಲಿನ ಮಾದರಿ ಕಳುಹಿಸುವ ಮುನ್ನ ಇದೂ ನೆನಪಿರಲಿ.

ಒಕ್ಕ ಎಂದರೆ ರಕ್ತಸಂಬಂಧವೇ?

ಕೊಡವರಲ್ಲಿ ವಂಶವೆಂದರೆ ಒಕ್ಕ. ಒಕ್ಕಕ್ಕೊಂದು ಮನೆಹೆಸರು, ಒಂದು ಐನ್‌ಮನೆ, ಮೂಲಪುರುಷನಾದ ಗುರುಕಾರೋಣನ ನೆನಪು. ಮನೆಹೆಸರು ತಂದೆಯ ಕಡೆಯಿಂದ ಬರುತ್ತದೆ. ಹಾಗಾಗಿ ಒಕ್ಕವೂ ವೈ ಕ್ರೋಮೋಸೋಮೂ ಒಟ್ಟಿಗೇ ಸಾಗುತ್ತವೆ ಎನಿಸಬಹುದು.

ಆದರೆ ಕೊಡವರ ಪದ್ಧತಿಯಲ್ಲೇ ಬೇರೆ ದಾರಿಗಳಿವೆ. ಗಂಡು ಸಂತಾನವಿಲ್ಲದೆ ಒಕ್ಕ ಅಳಿಯುವ ಸ್ಥಿತಿ ಬಂದರೆ ಒಕ್ಕಪರಿಜೆ ಮದುವೆಯಲ್ಲಿ ಗಂಡನೇ ಹೆಂಡತಿಯ ಒಕ್ಕಕ್ಕೆ ಬರುತ್ತಾನೆ. ಮಕ್ಕಪರಿಜೆಯಲ್ಲಿ ಹುಟ್ಟಿದ ಮಕ್ಕಳು ತಾಯಿಯ ಒಕ್ಕಕ್ಕೆ ಸೇರುತ್ತಾರೆ. ಹೀಗೆ ಉಳಿದುಬಂದ ಒಕ್ಕದ ಇಬ್ಬರು ಗಂಡಸರ ವೈ ಕ್ರೋಮೋಸೋಮ್ ಹೊಂದದೇ ಹೋಗಬಹುದು. ಅದರಿಂದ ಯಾರ ವಂಶವೂ ಸುಳ್ಳಾಗುವುದಿಲ್ಲ. ಒಕ್ಕವನ್ನು ಕಟ್ಟುವುದು ಸಮಾಜ ಒಪ್ಪಿದ ನಿಯಮ. ಡಿಎನ್‌ಎ ವರದಿ ನೋಡಿ "ಇವರು ನಮ್ಮವರಲ್ಲ" ಎನ್ನುವುದು ವಿಜ್ಞಾನಕ್ಕೂ ಪದ್ಧತಿಗೂ ಹೊಂದದ ಮಾತು.

ಹಾಗಾದರೆ ಹಕ್ಕು ಸಿಗುವುದು ಯಾವುದರಿಂದ?

ವಂಶದಿಂದ ಕಾನೂನಿನ ಹಕ್ಕು ಬರುವ ನೇರ ಉದಾಹರಣೆ ಕೊಡಗಿನಲ್ಲೇ ಇದೆ. 1861ರ ಫೆಬ್ರವರಿಯಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ನಿಶ್ಶಸ್ತ್ರೀಕರಣ ಕಾಯ್ದೆಯಿಂದ ಕೊಡಗಿನವರಿಗೆ ವಿನಾಯಿತಿ ಕೊಟ್ಟರು. ಸ್ವತಂತ್ರ ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅದು ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಹತ್ತು ವರ್ಷಕ್ಕೆ ವಿಸ್ತರಿಸಿತು, 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನು ಎತ್ತಿಹಿಡಿಯಿತು. ಕೋವಿಯ ಈ ವಿನಾಯಿತಿಗೆ ಎರಡು ಬಾಗಿಲುಗಳಿವೆ: "ಕೊಡವ ಜನಾಂಗದವರು" ಎಂಬುದು ಒಂದು, "ಜಮ್ಮಾ ಹಿಡುವಳಿದಾರರು" ಎಂಬುದು ಇನ್ನೊಂದು. ಎರಡನೆಯದರಲ್ಲಿ ಕೊಡವರಲ್ಲದ ಜಮ್ಮಾ ಕುಟುಂಬಗಳೂ ಸೇರುತ್ತವೆ. ಎಲ್ಲಿಯೂ ರಕ್ತಪರೀಕ್ಷೆ ಇಲ್ಲ. ಕೆಲಸಕ್ಕೆ ಬರುವುದು ಮನೆಹೆಸರು ಮತ್ತು ಜಮೀನಿನ ದಾಖಲೆ.

ಇಟಲಿ ಏನು ಕೇಳುತ್ತದೆ?

ವಂಶದ ಆಧಾರದ ಮೇಲೆ ಪೌರತ್ವ ಕೊಡುವುದಕ್ಕೆ ಇಟಲಿ ಹೆಸರಾಗಿತ್ತು. ದೇಶ ಒಂದಾದ 1861ರ ಮಾರ್ಚ್ 17ರ ನಂತರ ಬದುಕಿದ್ದ ಇಟಾಲಿಯನ್ ಪೂರ್ವಜನೊಬ್ಬನಿಂದ ಇಂದಿನವರೆಗೆ ಪೌರತ್ವದ ಕೊಂಡಿ ಕಡಿಯದೆ ಬಂದಿದ್ದರೆ ಸಾಕಿತ್ತು, ತಲೆಮಾರಿನ ಮಿತಿ ಇರಲಿಲ್ಲ. 2025ರ ಮಾರ್ಚ್ 28ರ ಸುಗ್ರೀವಾಜ್ಞೆ ಮತ್ತು ಅದೇ ಮೇ ತಿಂಗಳಲ್ಲಿ ಬಂದ ಕಾನೂನು ಇದನ್ನು ಬಹುಮಟ್ಟಿಗೆ ತಂದೆತಾಯಿ, ಅಜ್ಜ-ಅಜ್ಜಿಯರವರೆಗೆ ಇಳಿಸಿದವು.

ಆಗಲೂ ಈಗಲೂ ಅಲ್ಲಿ ಕೇಳುವುದು ಪ್ರತಿ ತಲೆಮಾರಿನ ಜನನ, ವಿವಾಹ ದಾಖಲೆ ಮತ್ತು ಮುಂದಿನ ಮಗು ಹುಟ್ಟುವ ಮೊದಲು ಪೂರ್ವಜ ಬೇರೆ ದೇಶದ ಪೌರತ್ವ ಪಡೆದಿರಲಿಲ್ಲ ಎಂಬುದಕ್ಕೆ ಪುರಾವೆ. "ಶೇ 12 ಇಟಾಲಿಯನ್" ಎಂಬ ಡಿಎನ್‌ಎ ವರದಿಗೆ ಅಲ್ಲಿ ಬೆಲೆಯಿಲ್ಲ. ಯಾವ ಪೂರ್ವಜರು ಲೆಕ್ಕಕ್ಕೆ ಬರುತ್ತಾರೆಂಬುದನ್ನೂ ಕಾನೂನೇ ತೀರ್ಮಾನಿಸುತ್ತದೆ. ಇಟಲಿಯ ಹಳೆಯ ನಿಯಮದಲ್ಲಿ 1948ಕ್ಕೆ ಮೊದಲು ಹುಟ್ಟಿದ ಮಕ್ಕಳಿಗೆ ತಾಯಿಯಿಂದ ಪೌರತ್ವ ಹೋಗುತ್ತಿರಲಿಲ್ಲ. ನಮ್ಮಲ್ಲೂ 1992ರ ಡಿಸೆಂಬರ್‌ವರೆಗೆ ವಿದೇಶದಲ್ಲಿ ಹುಟ್ಟಿದ ಮಗುವಿಗೆ ಭಾರತದ ಪೌರತ್ವ ತಂದೆಯಿಂದ ಮಾತ್ರ ಬರುತ್ತಿತ್ತು. ಅಜ್ಜಿಯ ರಕ್ತ ಮೊಮ್ಮಗನಲ್ಲಿ ಇದ್ದೇ ಇತ್ತು, ಕಾನೂನು ಅದನ್ನು ಎಣಿಸಿರಲಿಲ್ಲ.

ಕೊಡಗಿನ ಕುಟುಂಬಗಳು ಎಡವುವುದು ಎಲ್ಲಿ?

ವಿದೇಶದಲ್ಲಿ ನೆಲೆಸಿದವರ ಮಕ್ಕಳಿಗೆ ಓಸಿಐ ಕಾರ್ಡ್ ಬೇಕೆಂದಾಗ ಇದೇ ಸಮಸ್ಯೆ ತಿರುಗಿ ನಮ್ಮ ಊರಿಗೇ ಬರುತ್ತದೆ. ಭಾರತೀಯ ಪೌರರಾಗಿದ್ದವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳವರೆಗೆ ಇದಕ್ಕೆ ಅವಕಾಶವಿದೆ. ಇದು ಪೌರತ್ವವಲ್ಲ, ಆದರೂ ಸಂಬಂಧವನ್ನು ಕಾಗದದಲ್ಲಿ ತೋರಿಸಲೇಬೇಕು.

ಮೊದಲ ತೊಡಕು ಹೆಸರಿನದು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಪೂರ್ಣ ಹೆಸರು ಕೊಡಂದೇರ ಮಾದಪ್ಪ ಕಾರ್ಯಪ್ಪ: ಮೊದಲು ಮನೆಹೆಸರು, ನಂತರ ತಂದೆಯ ಹೆಸರು, ಕೊನೆಗೆ ಸ್ವಂತ ಹೆಸರು. ಇಂಥ ಹೆಸರು ಪಾಸ್‌ಪೋರ್ಟಿನಲ್ಲಿ ಹೋದಾಗ ಕೊನೆಯ ಪದವೇ ಸರ್‌ನೇಮ್ ಆಗಿಬಿಡಬಹುದು. ಆಗ ತಂದೆ, ಮಗ, ಮೊಮ್ಮಗ ಮೂವರಿಗೂ ಬೇರೆ ಬೇರೆ ಸರ್‌ನೇಮ್. ಮನೆಹೆಸರು ಒಂದು ಇನಿಷಿಯಲ್‌ಗೆ ಇಳಿದಿರುತ್ತದೆ. ವಿದೇಶದ ಅಧಿಕಾರಿಯ ಕಣ್ಣಿಗೆ ಅವರು ಸಂಬಂಧವಿಲ್ಲದ ಮೂವರು.

ಎರಡನೆಯದು ಜನನ ದಾಖಲೆ. ಜನನ-ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೆ ಹಿಂದೆ ಹುಟ್ಟಿದ ಎಷ್ಟೋ ಜನರಿಗೆ ಶಾಲೆಯ ದಾಖಲೆಯೇ ಆಧಾರ. ಇನ್ನು 1956ರ ನವೆಂಬರ್ 1ರವರೆಗೆ ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು. ಹಳೆಯ ಕಾಗದಗಳಲ್ಲಿ ಮಡಿಕೇರಿ "ಮರ್ಕಾರಾ" ಆಗಿರುತ್ತದೆ.

ಮೂರನೆಯದು ಜಮ್ಮಾ ದಾಖಲೆ. ತೀರಿಹೋದ ಪಟ್ಟೆದಾರರ ಹೆಸರೇ ಪಹಣಿಯಲ್ಲಿ ಉಳಿದುಕೊಂಡಿರುವುದುಂಟು. ಅದು ಒಕ್ಕವನ್ನು ತೋರಿಸುತ್ತದೆ, ಆದರೆ ಅವರಿಗೂ ನಿಮಗೂ ನಡುವಿನ ಕೊಂಡಿಗಳನ್ನು ತೋರಿಸುವುದಿಲ್ಲ.

ಈಗಲೇ ಮಾಡಬಹುದಾದದ್ದು

ಡಿಎನ್‌ಎ ಕಿಟ್‌ಗೆ ಹಣ ಹಾಕುವ ಮೊದಲು ಮನೆಯ ಹಿರಿಯರ ಬಳಿ ಕುಳಿತು ವಂಶವೃಕ್ಷ ಬರೆದಿಟ್ಟುಕೊಳ್ಳಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಮದುವೆಯಾಗಿ ಬಂದವರ ತವರಿನ ಒಕ್ಕ, ಎಲ್ಲವೂ ಅದರಲ್ಲಿ ಇರಲಿ. ಪ್ರತಿ ತಲೆಮಾರಿಗೂ ಮಗುವನ್ನೂ ತಂದೆತಾಯಿಯನ್ನೂ ಒಟ್ಟಿಗೆ ಹೆಸರಿಸುವ ಒಂದು ದಾಖಲೆ ಹುಡುಕಿ. ಹೆಸರಿನ ಕಾಗುಣಿತ ಎಲ್ಲೆಲ್ಲಿ ಬದಲಾಗಿದೆಯೆಂದು ಗುರುತು ಮಾಡಿಕೊಳ್ಳಿ. ನಾಡಕಚೇರಿಯಿಂದ ವಂಶವೃಕ್ಷ ದೃಢೀಕರಣ ಪಡೆಯಿರಿ. ಅಪೊಸ್ಟಿಲ್ ಒಪ್ಪುವ ದೇಶಕ್ಕೆ ಕಾಗದ ಹೋಗಬೇಕಿದ್ದರೆ ವಿದೇಶಾಂಗ ಸಚಿವಾಲಯದ ಆ ಮುದ್ರೆ ಬೇಕಾಗುತ್ತದೆ.

ಕಾಗದವನ್ನು ಮುಂದಿನ ವರ್ಷವೂ ಕಚೇರಿಯಲ್ಲಿ ಹುಡುಕಬಹುದು. ಯಾವ ಅಜ್ಜಿಯನ್ನು ಯಾವ ಒಕ್ಕದಿಂದ ತಂದರು, ಶಾಲೆಯ ಪುಸ್ತಕದಲ್ಲಿ ಯಾರ ಹೆಸರು ತಪ್ಪಾಗಿ ಬಿತ್ತು ಎಂಬುದನ್ನು ಹೇಳಬಲ್ಲವರು ಮಾತ್ರ ಅಷ್ಟು ಕಾಲ ಕಾಯಲಾರರು.