ವಿಲ್ಲಿ ಲಾಟ್‌ನ ಮನೆ, ಕಾನ್‌ಸ್ಟೇಬಲ್‌ನ ಊರು

ಮೊಣಕಾಲುದ್ದ ನೀರಿರುವ ಹೊಳೆ. ನಡುವೆ ಕುದುರೆ ಕಟ್ಟಿದ ಖಾಲಿ ಗಾಡಿ, ಅದರಲ್ಲಿ ಇಬ್ಬರು. ಎಡಕ್ಕೆ ರೈತನ ಮನೆ, ದಡದಲ್ಲಿ ನಾಯಿ, ಬಲಕ್ಕೆ ದೂರದಲ್ಲಿ ಹುಲ್ಲು ಕೊಯ್ಯುತ್ತಿರುವ ಒಂದಷ್ಟು ಜನ. ಎಲ್ಲದರ ಮೇಲೆ ಮೋಡ ತುಂಬಿದ ದೊಡ್ಡ ಆಕಾಶ. ಜಾನ್ ಕಾನ್‌ಸ್ಟೇಬಲ್ 1821ರಲ್ಲಿ ಪ್ರದರ್ಶಿಸಿದ 'ದ ಹೇ ವೇನ್', ಅಂದರೆ ಹುಲ್ಲಿನ ಗಾಡಿ, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಇಂಗ್ಲೆಂಡಿನ ಹಳ್ಳಿ ಎಂದರೆ ಹೀಗಿರುತ್ತದೆ ಎಂಬ ಕಲ್ಪನೆ ನಮ್ಮ ತಲೆಯಲ್ಲಿ ಕೂತಿದ್ದರೆ ಅದರಲ್ಲಿ ಈ ಚಿತ್ರದ ಪಾಲು ದೊಡ್ಡದು.

ಊರು ಬಿಟ್ಟ ನಮ್ಮಂಥವರಿಗೆ ಇಲ್ಲಿ ಕುತೂಹಲದ ಸಂಗತಿ ಬೇರೆಯೇ ಇದೆ. ಈ ಚಿತ್ರ ಸಿದ್ಧವಾದದ್ದು ಹೊಳೆ ದಂಡೆಯಲ್ಲಲ್ಲ, ಲಂಡನ್ನಿನಲ್ಲಿ. ಚಳಿಗಾಲದಲ್ಲಿ, ಹಳೆಯ ಸ್ಕೆಚ್‌ಗಳನ್ನು ಮುಂದಿಟ್ಟುಕೊಂಡು ಕಾನ್‌ಸ್ಟೇಬಲ್ ಇದನ್ನು ಬಿಡಿಸಿದ. ಗಾಡಿಯ ವಿವರ ಸಾಲದಾದಾಗ ಊರಿಗೆ ಹೇಳಿ ಕಳಿಸಿದ. ಊರಿನ ಗೆಳೆಯನ ಮಗ ಜಾನಿ ಡನ್‌ಥಾರ್ನ್ ಕೊರೆಯುವ ಚಳಿಯಲ್ಲಿ ನಿಂತು ಗಾಡಿಯ ಚಿತ್ರ ಬರೆದುಕೊಟ್ಟ. ತಮ್ಮನಿಗೆ 'ನಮ್ಮ ಹಿತ್ತಲಿನ ಫೋಟೊ ಒಂದು ಕಳಿಸೋ' ಎಂದು ವಾಟ್ಸಪ್ ಮಾಡುವ ನಮಗೆ ಇದು ಅರ್ಥವಾಗದ ವಿಷಯವೇನಲ್ಲ.

ಕಾನ್‌ಸ್ಟೇಬಲ್ ಹುಟ್ಟಿದ್ದು 1776ರಲ್ಲಿ, ಸಫೋಕ್ ಪ್ರಾಂತ್ಯದ ಈಸ್ಟ್ ಬರ್ಗ್‌ಹೋಲ್ಟ್ ಎಂಬ ಹಳ್ಳಿಯಲ್ಲಿ. ತಂದೆ ಸ್ಥಿತಿವಂತ. ಸ್ಟೌರ್ ಹೊಳೆಯ ಮೇಲೆ ಫ್ಲ್ಯಾಟ್‌ಫರ್ಡ್ ಮತ್ತು ಡೆಡಮ್‌ನಲ್ಲಿ ಹಿಟ್ಟಿನ ಗಿರಣಿ, ಸರಕು ಸಾಗಿಸಲು ದೋಣಿಗಳು. ಅಣ್ಣನ ಆರೋಗ್ಯ ಸರಿಯಿಲ್ಲದ ಕಾರಣ ಗಿರಣಿ ಜಾನ್‌ಗೆ ಎಂದು ತಂದೆಯ ಲೆಕ್ಕ. ಕೆಲಕಾಲ ಗಿರಣಿಯಲ್ಲಿ ದುಡಿದ ಜಾನ್ 1799ರಲ್ಲಿ, 22ನೇ ವಯಸ್ಸಿನಲ್ಲಿ, ಲಂಡನ್ನಿನ ರಾಯಲ್ ಅಕಾಡೆಮಿಯ ಶಾಲೆ ಸೇರಿದ. ಮುಂದೆ ಗಿರಣಿ ನೋಡಿಕೊಂಡವನು ತಮ್ಮ ಏಬ್ರಮ್. ಊರಲ್ಲಿ ಉಳಿದ ಆ ತಮ್ಮನ ದುಡಿಮೆಯಿಂದ ಅಣ್ಣನಿಗೂ ಪಾಲು ಹೋಗುತ್ತಿತ್ತು. ಕಲಾವಿದರ ಜೀವನಚರಿತ್ರೆಗಳಲ್ಲಿ ಇಂಥ ತಮ್ಮಂದಿರಿಗೆ ಸಾಮಾನ್ಯವಾಗಿ ಒಂದೆರಡು ಸಾಲು ಸಿಕ್ಕರೆ ಹೆಚ್ಚು.

ಆ ಪಾಲು ಬೇಕೇ ಬೇಕಿತ್ತು. ಮರಿಯಾ ಬಿಕ್ನೆಲ್‌ಳನ್ನು ಮದುವೆಯಾಗಲು ಅವನು ಏಳು ವರ್ಷ ಕಾದ. ಅವಳ ಅಜ್ಜ ಈಸ್ಟ್ ಬರ್ಗ್‌ಹೋಲ್ಟಿನ ಪಾದ್ರಿ. ಸಂಪಾದನೆ ಇಲ್ಲದ ಚಿತ್ರಕಾರನಿಗೆ ಹುಡುಗಿ ಕೊಡುವುದು ಅವರಿಗೆ ಇಷ್ಟವಿರಲಿಲ್ಲ. 1816ರಲ್ಲಿ ತಂದೆ ತೀರಿಕೊಂಡು ಆಸ್ತಿಯ ಭಾಗ ಬಂದ ಮೇಲೆ, ಅದೇ ವರ್ಷ ಮದುವೆಯಾಯಿತು.

ಅಕಾಡೆಮಿಯಲ್ಲಿ ಆಗ ಮರ್ಯಾದೆ ಇದ್ದದ್ದು ಪುರಾಣ, ಚರಿತ್ರೆಯ ಚಿತ್ರಗಳಿಗೆ. ಹೊಳೆ, ಗಾಡಿ, ಬೇಲಿ ಕೆಳಗಿನ ಸಾಲು. ಕಾನ್‌ಸ್ಟೇಬಲ್ ಅದಕ್ಕೆ ಕಂಡುಕೊಂಡ ಉಪಾಯ ಅಳತೆಯದು. ಆರು ಅಡಿ ಅಗಲದ ಕ್ಯಾನ್ವಾಸಿನಲ್ಲಿ ತನ್ನೂರಿನ ಹೊಳೆಯನ್ನು ಬಿಡಿಸತೊಡಗಿದ. ಮೊದಲು ಅಷ್ಟೇ ದೊಡ್ಡ ಕರಡು, ಆಮೇಲೆ ಅಸಲಿ ಚಿತ್ರ. ಒಂದಕ್ಕೆ ಎರಡರಷ್ಟು ಕೆಲಸ. ಇಂಥ ಮೊದಲ ಚಿತ್ರ 'ದ ವೈಟ್ ಹಾರ್ಸ್' 1819ರಲ್ಲಿ ಬಂತು. ಆ ವರ್ಷ ಅಕಾಡೆಮಿಯ ಸಹಸದಸ್ಯತ್ವ ಸಿಕ್ಕಿತು. ಆದರೆ 'ಹೇ ವೇನ್' ಅಕಾಡೆಮಿಯಲ್ಲಿ ಮಾರಾಟವಾಗಲಿಲ್ಲ. 1824ರಲ್ಲಿ ವ್ಯಾಪಾರಿಯೊಬ್ಬ ಅದನ್ನು ಪ್ಯಾರಿಸ್ಸಿಗೆ ಒಯ್ದ. ಅಲ್ಲಿ ದೆಲಾಕ್ರವಾನಂಥ ಕಲಾವಿದ ಮೆಚ್ಚಿದ, ದೊರೆ ಚಿನ್ನದ ಪದಕ ಕೊಟ್ಟ. ಕಾನ್‌ಸ್ಟೇಬಲ್ ಅಲ್ಲಿಗೂ ಹೋಗಲಿಲ್ಲ; ಜೀವನದಲ್ಲಿ ಒಮ್ಮೆಯೂ ದೇಶ ಬಿಟ್ಟು ಹೋದವನಲ್ಲ.

ಅವನಿಗಿಂತ ಒಂದೇ ವರ್ಷ ದೊಡ್ಡವನಾದ ಟರ್ನರ್ 26ಕ್ಕೇ ಅಕಾಡೆಮಿಯ ಪೂರ್ಣ ಸದಸ್ಯನಾಗಿದ್ದ. ಕಾನ್‌ಸ್ಟೇಬಲ್‌ಗೆ ಅದು ಸಿಕ್ಕಾಗ 52. ಅದೂ 1829ರಲ್ಲಿ, ಒಂದೇ ಒಂದು ಮತದ ಅಂತರದಲ್ಲಿ. ಏಳು ಮಕ್ಕಳನ್ನು ಬಿಟ್ಟು ಮರಿಯಾ ಕ್ಷಯದಿಂದ ತೀರಿಕೊಂಡು ಆಗ ಮೂರು ತಿಂಗಳೂ ಆಗಿರಲಿಲ್ಲ.

ಕಂಡದ್ದನ್ನು ಕಂಡ ಹಾಗೆ ಬಿಡಿಸಬೇಕೆಂಬ ಹಟ ಅವನದು. 1821 ಮತ್ತು 1822ರಲ್ಲಿ ಹ್ಯಾಂಪ್‌ಸ್ಟೆಡ್ ಗುಡ್ಡದ ಮೇಲೆ ಹತ್ತಾರು ಮೋಡದ ಚಿತ್ರಗಳನ್ನು ಮಾಡಿದ. ಹಲವದರ ಹಿಂದೆ ತಾರೀಕು, ಹೊತ್ತು, ಗಾಳಿ ಯಾವ ಕಡೆಯದು ಎಂದು ಬರೆದಿಟ್ಟ. ಒಳ್ಳೆಯ ಲಾಗ್ ಫೈಲಿನ ಶಿಸ್ತು ಅದು.

ಇಷ್ಟು ಪ್ರಾಮಾಣಿಕನಾದವನು ಒಂದನ್ನು ಮಾತ್ರ ಹೊರಗಿಟ್ಟ. ನೆಪೋಲಿಯನ್ ಯುದ್ಧ ಮುಗಿದ ಮೇಲೆ ಧಾನ್ಯದ ಬೆಲೆ ಬಿತ್ತು, ಕೂಲಿ ಇಳಿಯಿತು, ಯಂತ್ರಗಳು ಬಂದವು. 1822ರಲ್ಲಿ ಸಫೋಕಿನ ಕೂಲಿಗಳು ಬಣವೆಗಳಿಗೆ, ಕೊಟ್ಟಿಗೆಗಳಿಗೆ ಬೆಂಕಿ ಇಟ್ಟರು. ರಾತ್ರಿಯಾದರೆ ಎಲ್ಲಾದರೊಂದು ಕಡೆ ಉರಿ ಕಾಣುತ್ತದೆ ಎಂದು ತಮ್ಮನಿಂದ ತಿಳಿದು ಕಾನ್‌ಸ್ಟೇಬಲ್ ಅದನ್ನು ಗೆಳೆಯ ಫಿಶರ್‌ಗೆ ಬರೆದ. ಅಂದರೆ ಗೊತ್ತಿತ್ತು. ಆದರೆ ಆ ಉರಿ ಯಾವ ಚಿತ್ರದಲ್ಲೂ ಬರಲಿಲ್ಲ. 'ಹೇ ವೇನ್'ನ ಕೂಲಿಗಳು ದೂರದ ಬಿಳಿ ಚುಕ್ಕೆಗಳಾಗಿಯೇ ಉಳಿದರು.

ಇದನ್ನು ತಪ್ಪೆಂದು ಅವನ ತಲೆಗೆ ಕಟ್ಟುವುದು ಸುಲಭ. ಗಿರಣಿ ಮಾಲೀಕನ ಮಗ, ಅವನ ಪಾಲಿನ ಹಣ ಬರುತ್ತಿದ್ದದ್ದು ಅದೇ ಧಾನ್ಯದಿಂದ. ಆದರೆ ನನಗೆ ಕಾಣುವುದು ಇನ್ನೊಂದು: ಊರು ಬಿಟ್ಟವನು ತನ್ನ ಜೊತೆ ಒಯ್ಯುವ ಊರು, ಬಿಟ್ಟ ದಿನಕ್ಕೇ ನಿಂತಿರುತ್ತದೆ. ಸುದ್ದಿ ಬರುತ್ತದೆ, ಮನಸ್ಸಿನೊಳಗಿನ ಚಿತ್ರಕ್ಕೆ ಅದು ಸೇರುವುದಿಲ್ಲ. ಅಲ್ಲಿನ ಬೋರ್‌ವೆಲ್ ಬತ್ತಿದೆ ಎಂದು ಫೋನಿನಲ್ಲಿ ಕೇಳಿಯೂ ನಾವು ಮಕ್ಕಳಿಗೆ ಹೇಳುವುದು ತುಂಬಿದ ಕೆರೆಯ ಕತೆಯನ್ನೇ.

ಚಿತ್ರದ ಎಡಕ್ಕಿರುವ ಆ ಮನೆ ವಿಲ್ಲಿ ಲಾಟ್ ಎಂಬ ರೈತನದು, ಇಂದಿಗೂ ಇದೆ. ಎಂಬತ್ತು ವರ್ಷ ಮೀರಿದ ಬಾಳಿನಲ್ಲಿ ಲಾಟ್ ಆ ಮನೆ ಬಿಟ್ಟು ಪೂರ್ತಿ ನಾಲ್ಕು ದಿನವೂ ಹೊರಗಿರಲಿಲ್ಲ ಎಂಬ ಮಾತನ್ನು ಕಾನ್‌ಸ್ಟೇಬಲ್‌ನ ಜೀವನಚರಿತ್ರೆಕಾರ ದಾಖಲಿಸಿದ್ದಾನೆ. ಕಾನ್‌ಸ್ಟೇಬಲ್ 1837ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಹ್ಯಾಂಪ್‌ಸ್ಟೆಡ್‌ನಲ್ಲಿ ಮರಿಯಾಳ ಬಳಿ ಅವನನ್ನು ಮಣ್ಣು ಮಾಡಿದರು. ಅದಕ್ಕೆ ಕೆಲವು ವರ್ಷ ಮೊದಲು ಒಮ್ಮೆ ಕೋಚ್ ಗಾಡಿಯಲ್ಲಿ ಡೆಡಮ್ ಕಣಿವೆ ದಾಟುತ್ತಿದ್ದಾಗ, ಸಹಪ್ರಯಾಣಿಕನೊಬ್ಬ ಇವನಾರೆಂದು ತಿಳಿಯದೆ, ಇದು ಕಾನ್‌ಸ್ಟೇಬಲ್‌ನ ಸೀಮೆ ಎಂದನಂತೆ.

ಊರಲ್ಲೇ ಉಳಿದವನು ಲಾಟ್, ಊರಿಗೆ ಹೆಸರು ಬಂದದ್ದು ಬಿಟ್ಟು ಹೋದವನಿಂದ. ಆ ಸೀಮೆಯಲ್ಲಿ ಬಣವೆ ಉರಿದ ರಾತ್ರಿಗಳು ಹೇಗಿದ್ದವು ಎಂದು ಲಾಟ್‌ನನ್ನು ಯಾರಾದರೂ ಕೇಳಿದ್ದರೆ ಚೆನ್ನಾಗಿತ್ತು. ನಮ್ಮೂರುಗಳಲ್ಲಿ ಅಂಥವರು ಇನ್ನೂ ಇದ್ದಾರೆ. ಮುಂದಿನ ಸಲ ಊರಿಗೆ ಹೋದಾಗ ಫೋಟೊ ತೆಗೆಯುವ ಮೊದಲು ಅವರ ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತು ಕೇಳೋಣ.