ಗಿಟಾರಿನ ಪಕ್ಕೆ ಕತ್ತರಿಸುವ ಮುನ್ನ

ಕಳೆದ ವಾರ್ಷಿಕೋತ್ಸವದ ಸ್ವಾಗತ ಗೀತೆಗೆ ಗಿಟಾರ್ ನುಡಿಸಿದವನು ನಾನು. ಮುಂದಿನ ಎರಡು ಸಾಲಿನವರಿಗೆ ಕೇಳಿಸಿರಬಹುದು. ಹಿಂದೆ ಕೂತಿದ್ದ ಕಾಮರ್ಸ್ ಗೆಳೆಯರು ಮಾತ್ರ, "ಏನೋ, ಬರೀ ಶೋಗೆ ಹಿಡ್ಕೊಂಡು ನಿಂತಿದ್ಯಾ?" ಎಂದು ಇವತ್ತಿಗೂ ಕೇಳುತ್ತಾರೆ. ಗಿಟಾರಿನ ಮುಂದಿದ್ದ ಮೈಕನ್ನು ಸೌಂಡಿನವರು ಸ್ವಲ್ಪ ಜೋರು ಮಾಡಿದರೆ ಅದು ಕುಂಯ್ಯೆಂದು ಕೂಗುತ್ತಿತ್ತು, ತಗ್ಗಿಸಿದರೆ ಏನೂ ಕೇಳಿಸುತ್ತಿರಲಿಲ್ಲ. ಒಂದು ಸಲ ಕೂಗಿದಾಗ ಅತಿಥಿಗಳು ಕಿವಿ ಮುಚ್ಚಿಕೊಂಡದ್ದು ವೀಡಿಯೋದಲ್ಲಿ ದಾಖಲಾಗಿದೆ.

ಈ ವರ್ಷ ಹಾಗಾಗಬಾರದೆಂದು ನಮ್ಮ ಸಾಂಸ್ಕೃತಿಕ ಸಮಿತಿ ಕಾಲೇಜಿನ ಗಿಟಾರಿಗೆ ಪಿಕಪ್ ಮತ್ತು ಪ್ರಿಆಂಪ್ ಹಾಕಿಸಲು ಹೊರಟಿದೆ. ಸಂತೋಷ. ಆದರೆ ಅಂಗಡಿಯವರು ಸೂಚಿಸಿರುವುದು ಗಿಟಾರಿನ ಪಕ್ಕೆಯಲ್ಲಿ ಚೌಕವಾಗಿ ಮರ ಕತ್ತರಿಸಿ ಕೂರಿಸುವ ಪ್ರಿಆಂಪ್. ಅದು ಬೇಡವೆಂದು ಹೇಳಲು ಈ ಲೇಖನ.

ಗಿಟಾರೇ ಬೇಕಾ ಎಂದು ಕೇಳುವವರೂ ನಮ್ಮ ನಡುವೆ ಇದ್ದಾರೆ. ನಮ್ಮ ಮನೆಯಲ್ಲೇ ಇದ್ದಾರೆ. ಆ ಚರ್ಚೆ ನನಗಿಂತ ತಿಳಿದವರದು, ನಾನಿಲ್ಲಿ ಎತ್ತುವುದಿಲ್ಲ. ಕಾಲೇಜು ಗಿಟಾರನ್ನು ಇಟ್ಟುಕೊಂಡಿದೆ, ಅದಕ್ಕೀಗ ಖರ್ಚು ಮಾಡಲಿದೆ. ಆ ಖರ್ಚು ಇಸ್ರಾಫ್ ಆಗದಿರಲಿ ಎಂಬುದನ್ನು ಎರಡೂ ಕಡೆಯವರು ಒಪ್ಪುತ್ತಾರೆ ಅಂದುಕೊಂಡಿದ್ದೇನೆ.

ನಾನು ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ, ಒಂದು ಗಿಟಾರ್ ಹಾಳು ಮಾಡಿ ಹೇಳುತ್ತಿದ್ದೇನೆ. ಫಸ್ಟ್ ಪಿಯುಸಿ ರಜೆಯಲ್ಲಿ 900 ರೂಪಾಯಿಗೆ ಒಂದು ಸೆಟ್ ತರಿಸಿದೆ. ಸ್ಯಾಡಲ್ ಅಡಿಗೆ ಇಡುವ ತೆಳ್ಳನೆಯ ಪಟ್ಟಿ, ನಾಲ್ಕು ಗುಂಡಿಗಳಿರುವ ಪ್ರಿಆಂಪ್, 9 ವೋಲ್ಟ್ ಬ್ಯಾಟರಿಗೊಂದು ಗೂಡು. ಕಾಗದದ ಅಳತೆಯನ್ನು ಪಕ್ಕೆಗೆ ಅಂಟಿಸಿ ಹ್ಯಾಕ್ಸಾ ಬ್ಲೇಡಿನಿಂದ ಕೊಯ್ಯತೊಡಗಿದೆ. ಆ ಮರ ಎರಡು ಮಿಲಿಮೀಟರಿಗಿಂತ ಸ್ವಲ್ಪ ದಪ್ಪ ಇರುತ್ತದೆ, ಅಷ್ಟೇ. ಮೂರನೆಯ ಮೂಲೆ ತಿರುಗಿಸುವಾಗ ಚಟ್ ಅಂದಿತು. ಮೂಲೆಯಿಂದ ಒಂದು ಗೇಣುದ್ದ ಸೀಳು. ಪ್ರಿಆಂಪ್ ಹೇಗೋ ಕೂತಿತು, ಆದರೆ ದಪ್ಪ ತಂತಿ ಮೀಟಿದಾಗಲೆಲ್ಲ ಆ ಜಾಗದಿಂದ ಗುರ್ ಎಂದು ಸದ್ದು. ಆರು ತಂತಿಗಳೂ ಸೇರಿ ಸುಮಾರು 70 ಕಿಲೋದಷ್ಟು ಬಲದಲ್ಲಿ ಎಳೆಯುತ್ತಿರುವ ಪೆಟ್ಟಿಗೆ ಅದು ಎಂಬುದನ್ನು ನಾನು ಆಮೇಲೆ ಓದಿದೆ.

ನಮ್ಮ ಅಬ್ಬಾ ಬಡಗಿ. ನಾನು ಗಿಟಾರ್ ಬಾರಿಸುವುದು ಅವರಿಗೆ ಹಿಡಿಸುವುದಿಲ್ಲ, ಆ ವಿಷಯಕ್ಕೆ ಎರಡು ವರ್ಷದಿಂದ ಮಾತೂ ಕಡಿಮೆ. ಆದರೆ ಸೀಳಿದ ಮರ ನೋಡಿ ಸುಮ್ಮನಿರಲು ಅವರಿಂದಾಗಲಿಲ್ಲ. ಏನೂ ಹೇಳದೆ ಒಳಗಡೆಯಿಂದ ಸೀಳಿಗೆ ಅಡ್ಡಲಾಗಿ ಮೂರು ಸಣ್ಣ ಪಟ್ಟಿ ಅಂಟಿಸಿ ಕ್ಲ್ಯಾಂಪ್ ಹಾಕಿಟ್ಟರು. ಮರುದಿನ ಬೆಳಿಗ್ಗೆ ಕ್ಲ್ಯಾಂಪ್ ಬಿಚ್ಚುತ್ತಾ, ಕೊಯ್ಯುವ ಮೊದಲು ಒಂದು ಮಾತು ಕೇಳಬಹುದಿತ್ತಲ್ಲ ಎಂದರು. ಗುರ್ ನಿಂತಿತು. ಚೌಕದ ತೂತು ಮಾತ್ರ ಹಾಗೇ ಇದೆ.

ಈಗ ಒಳಗಿನ ವಿಷಯ. ಕೆಲವು ಹರಳುಗಳನ್ನು ಒತ್ತಿದರೆ ಅವುಗಳ ಮೇಲೆ ವಿದ್ಯುದಾವೇಶ ಹುಟ್ಟುತ್ತದೆ ಎಂದು 1880ರಲ್ಲಿ ತೋರಿಸಿಕೊಟ್ಟವರು ಪಿಯರ್ ಕ್ಯೂರಿ ಮತ್ತು ಅವರ ಅಣ್ಣ ಜಾಕ್ ಕ್ಯೂರಿ. ಸ್ಯಾಡಲ್ ಕೆಳಗಿನ ಪಟ್ಟಿಯೂ ಅದೇ, ಪೀಜೋ. ತಂತಿ ಕಂಪಿಸಿದಂತೆ ಸ್ಯಾಡಲಿನ ಒತ್ತಡ ಏರಿಳಿಯುತ್ತದೆ, ಅದಕ್ಕೆ ತಕ್ಕಂತೆ ವೋಲ್ಟೇಜ್ ಬರುತ್ತದೆ. ಹಾಗಾದರೆ ನೇರವಾಗಿ ಮಿಕ್ಸರಿಗೆ ಚುಚ್ಚಿದರೆ ಸಾಲದೇ, ಪ್ರಿಆಂಪ್ ಯಾಕೆ? ನಾನೂ ಹಾಗೇ ಚುಚ್ಚಿ ನೋಡಿದ್ದೆ. ತಗಡಿನ ಡಬ್ಬಿ ಬಾರಿಸಿದ ಹಾಗೆ ಕೇಳಿಸಿತು.

ಕಾರಣ ನಮ್ಮ ಫಿಸಿಕ್ಸ್ ಪಾಠದಲ್ಲೇ ಇದೆ. ಪೀಜೋ ಎಂದರೆ ಒಂದು ಸಣ್ಣ ಕೆಪಾಸಿಟರ್ ಇದ್ದ ಹಾಗೆ. ಅದು 1 ನ್ಯಾನೋಫ್ಯಾರಡ್ ಇದೆ ಎಂದಿಟ್ಟುಕೊಳ್ಳಿ. ಮಿಕ್ಸರಿನ ಲೈನ್ ಇನ್‌ಪುಟ್ 10 ಕಿಲೋಓಮ್ ಇದ್ದರೆ, ಒಂದನ್ನು 2πRC ಇಂದ ಭಾಗಿಸಿ ನೋಡಿ: ಸುಮಾರು 16,000 ಹರ್ಟ್ಸ್ ಬರುತ್ತದೆ. ಅದಕ್ಕಿಂತ ಕೆಳಗಿನ ಸ್ವರಗಳೆಲ್ಲ ಕುಗ್ಗುತ್ತಾ ಹೋಗುತ್ತವೆ. ಗಿಟಾರಿನ ಅತಿ ದಪ್ಪ ತಂತಿ 82 ಹರ್ಟ್ಸ್! ಇನ್‌ಪುಟ್ ರೋಧವನ್ನು 1 ಮೆಗಾಓಮ್‌ಗೆ ಏರಿಸಿದರೂ ಲೆಕ್ಕ 159 ಹರ್ಟ್ಸ್‌ಗೆ ನಿಲ್ಲುತ್ತದೆ. 10 ಮೆಗಾಓಮ್ ಆದರೆ 16 ಹರ್ಟ್ಸ್, ಆಗ ದಪ್ಪ ತಂತಿ ನೆಮ್ಮದಿಯಾಗಿ ದಾಟುತ್ತದೆ. ಪ್ರಿಆಂಪಿನ ಮೊದಲ ಕೆಲಸ ಧ್ವನಿ ದೊಡ್ಡದು ಮಾಡುವುದಲ್ಲ, ಪೀಜೋಗೆ ಈ ದೊಡ್ಡ ರೋಧ ತೋರಿಸುವುದು. ನಮ್ಮ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿರುವ ಒಂದು ಎಫ್‌ಇಟಿ, ಒಂದಷ್ಟು ರೆಸಿಸ್ಟರ್, ಎರಡು ಕೆಪಾಸಿಟರ್ ಇದ್ದರೆ ಅಷ್ಟು ಕೆಲಸ ಆಗುತ್ತದೆ. ಅದು ಎರಡು ಬೆರಳಿನ ಅಗಲದ ಬೋರ್ಡು. ಅದಕ್ಕಾಗಿ ಪಕ್ಕೆಯಲ್ಲಿ ಕಿಟಕಿ ಇಡುವ ಅಗತ್ಯ ಎಲ್ಲಿದೆ?

ಬದಲಿ ದಾರಿ ಇದು. ಗಿಟಾರಿನ ಬುಡದಲ್ಲಿ ಬೆಲ್ಟ್ ಸಿಕ್ಕಿಸುವ ಗುಬಟೆ ಇರುತ್ತದೆ. ಅದರ ಹಿಂದೆ ಒಳಗಡೆ ದಪ್ಪ ಮರದ ದಿಮ್ಮಿ ಇದೆ, ಸೀಳುವ ಭಯ ಕಡಿಮೆ. ಅಲ್ಲಿ ಸುಮಾರು 12 ಮಿಲಿಮೀಟರಿನ ಒಂದು ತೂತು ಹಾಕಿದರೆ ಜ್ಯಾಕ್ ಕೂರುತ್ತದೆ, ಬೆಲ್ಟನ್ನೂ ಅದಕ್ಕೇ ಸಿಕ್ಕಿಸಬಹುದು. ಪ್ರಿಆಂಪ್ ಮತ್ತು ಬ್ಯಾಟರಿ ಒಳಗೆ ಹೋಗುತ್ತವೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಈ ವರ್ಷ ಒಬ್ಬ ಸೀನಿಯರ್ ಭಾಯಿಯ ಗಿಟಾರಿಗೆ ಹೀಗೆ ಮಾಡಿದೆವು. ಈ ಸಲ ಮೊದಲೇ ಅಬ್ಬಾರನ್ನು ಕೇಳಿದೆ. ಹಳೆಯ ತೂತಿನ ಮೇಲೇ ದೊಡ್ಡ ಬಿಟ್ ಇಟ್ಟರೆ ಅದು ಅಲೆದಾಡುತ್ತದೆ ಎಂದು, ಮೊದಲು ತೂತಿಗೆ ಮರದ ಬೆಣೆ ಅಂಟಿಸಿ ಒಣಗಿಸಿ, ಆಮೇಲೆ ಸಣ್ಣ ಬಿಟ್ಟಿನಿಂದ ಶುರು ಮಾಡಿ ಹಂತಹಂತವಾಗಿ ದೊಡ್ಡದು ಮಾಡಿದರು. ಒಂದು ಚೂರೂ ಏಳಲಿಲ್ಲ. ಅದು ಯಾರ ಗಿಟಾರ್ ಎಂದೂ ಕೇಳಲಿಲ್ಲ.

ನಿಜವಾದ ಕಷ್ಟ ಸ್ಯಾಡಲಿನದು. ಪಟ್ಟಿಯ ದಪ್ಪದಷ್ಟು ಅದರ ತಳವನ್ನು ಉಜ್ಜಿ ತೆಗೆಯಬೇಕು, ಇಲ್ಲದಿದ್ದರೆ ತಂತಿಗಳು ಎತ್ತರವಾಗಿ ಬೆರಳು ನೋಯುತ್ತದೆ. ತಳ ಸಮತಟ್ಟಾಗಿಲ್ಲದಿದ್ದರೆ ಒಂದು ತಂತಿ ಜೋರು, ಪಕ್ಕದ್ದು ಮೂಕ. ನಮ್ಮದರಲ್ಲಿ ಎರಡನೆಯ ತಂತಿ ಸತ್ತೇ ಹೋಗಿತ್ತು. ಗಾಜಿನ ಮೇಲೆ ಸ್ಯಾಂಡ್ ಪೇಪರ್ ಅಂಟಿಸಿ, ತಳಕ್ಕೆ ಪೆನ್ಸಿಲ್ ಗೆರೆ ಎಳೆದು, ಎಲ್ಲ ಗೆರೆಗಳೂ ಒಟ್ಟಿಗೆ ಅಳಿಯುವವರೆಗೆ ಉಜ್ಜಿದೆವು. ಎರಡು ಸಂಜೆ ಹೋಯಿತು. ಪಟ್ಟಿಯ ವೈರ್ ಒಳಗಿಳಿಸಲು ಸ್ಯಾಡಲಿನ ಗಾಡಿಯ ಒಂದು ತುದಿಯಲ್ಲಿ 3 ಮಿಲಿಮೀಟರಿನಷ್ಟು ತೂತು ಬೇಕು. ಅದನ್ನು ಹಾಕುವ ಮೊದಲು ಒಳಗೆ ಕೈ ಹಾಕಿ ಆಧಾರದ ಪಟ್ಟಿಗಳು ಎಲ್ಲಿವೆ ಎಂದು ತಡವಿ ನೋಡಿಕೊಳ್ಳಿ.

ತೂತೇ ಬೇಡ ಅನ್ನುವವರಿಗೆ ಇನ್ನೊಂದು ದಾರಿಯೂ ಇದೆ, ಗಿಟಾರಿನ ಬಾಯಿಗೆ ಅಡ್ಡಲಾಗಿ ಸಿಕ್ಕಿಸುವ ಕಾಂತದ ಪಿಕಪ್. ಫ್ಯಾರಡೆಯ ತತ್ತ್ವ, ಸ್ಟೀಲ್ ತಂತಿಗೆ ಮಾತ್ರ. ಧ್ವನಿ ಸ್ವಲ್ಪ ಎಲೆಕ್ಟ್ರಿಕ್ ಗಿಟಾರಿನ ಹಾಗಿರುತ್ತದೆ, ನನಗೆ ಅಷ್ಟು ಇಷ್ಟವಿಲ್ಲ.

ಸಮಿತಿಯವರ ವಾದದಲ್ಲಿ ಹುರುಳಿಲ್ಲವೆಂದಲ್ಲ. ಪಕ್ಕೆಯಲ್ಲಿ ಪ್ರಿಆಂಪ್ ಇದ್ದರೆ ನುಡಿಸುತ್ತಲೇ ಗುಂಡಿ ತಿರುಗಿಸಬಹುದು, ಬ್ಯಾಟರಿ ಬದಲಿಸುವುದೂ ಸುಲಭ. ಹತ್ತು ಕೈ ಮುಟ್ಟುವ ಕಾಲೇಜು ಗಿಟಾರಿಗೆ ಅದು ದೊಡ್ಡ ಅನುಕೂಲವೇ. ನಾನೂ ಒಂದು ವಾರ ಇದನ್ನೇ ಯೋಚಿಸಿದೆ. ಆದರೆ ಧ್ವನಿ ಹೆಚ್ಚು ಕಡಿಮೆ ಮಾಡುವ ಪುಟ್ಟ ಚಕ್ರವನ್ನು ಗಿಟಾರಿನ ಬಾಯಿಯ ಅಂಚಿನ ಒಳಗೆ ಅಂಟಿಸುವ ಬಗೆಯೂ ಸಿಗುತ್ತದೆ, ಹೆಬ್ಬೆರಳಿಗೆ ಎಟುಕುತ್ತದೆ. ಬಾಸ್, ಟ್ರೆಬಲ್ ಹೇಗೂ ಮಿಕ್ಸರಿನಲ್ಲಿದೆ. ಅಗ್ಗದ ಪ್ರಿಆಂಪ್ ನಾಲ್ಕೈದು ವರ್ಷಕ್ಕೆ ಕೆಟ್ಟರೆ ಅದೇ ಅಳತೆಯದು ಮತ್ತೆ ಸಿಗಬೇಕಲ್ಲ? ಸಿಗದಿದ್ದರೆ ಉಳಿಯುವುದು ಚೌಕದ ತೂತು. ಬುಡದ ಜ್ಯಾಕ್ ಕೆಟ್ಟರೆ ಬಿಚ್ಚಿ ಬೇರೆ ಹಾಕಬಹುದು.

ಯಾವುದನ್ನೇ ಹಾಕಿಸಿದರೂ ಎರಡು ವಿಷಯ ನೆನಪಿರಲಿ. ಜ್ಯಾಕಿಗೆ ಕೇಬಲ್ ಚುಚ್ಚಿದಾಗಲೇ ಬ್ಯಾಟರಿ ಆನ್ ಆಗುವಂತೆ ಜೋಡಿಸಿರುತ್ತಾರೆ, ಆದ್ದರಿಂದ ಅಭ್ಯಾಸ ಮುಗಿದ ಮೇಲೆ ಕೇಬಲ್ ಕಿತ್ತಿಡದಿದ್ದರೆ ಕಾರ್ಯಕ್ರಮದ ದಿನ ಬ್ಯಾಟರಿ ಸತ್ತಿರುತ್ತದೆ. ಇನ್ನೊಂದು, ಪಿಕಪ್ ಹಾಕಿದರೆ ಕುಂಯ್ ಪೂರ್ತಿ ಹೋಗುತ್ತದೆ ಎಂದು ಯಾರೂ ನಂಬಬೇಡಿ. ಸ್ಪೀಕರಿನ ಸದ್ದಿಗೆ ಗಿಟಾರಿನ ಪೆಟ್ಟಿಗೆಯೇ ಕಂಪಿಸುತ್ತದೆ. ಸ್ಪೀಕರಿನ ಹಿಂದೆ ನಿಲ್ಲಬೇಕು, ಬಾಸ್ ತಗ್ಗಿಸಬೇಕು, ಬೇಕಾದರೆ ಗಿಟಾರಿನ ಬಾಯಿಗೆ ರಬ್ಬರ್ ಮುಚ್ಚಳ ಹಾಕಬೇಕು. ಮೈಕಿಗಿಂತ ಎಷ್ಟೋ ವಾಸಿ, ಅಷ್ಟೇ.

ನನ್ನ ಕೋರಿಕೆ ಇಷ್ಟು: ತೂತು ಹಾಕುವ ಕೆಲಸ ಒಬ್ಬ ಬಡಗಿಗೆ ಕೊಡಿ, ಬೆಸುಗೆಯ ಕೆಲಸ ನಮ್ಮ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಿಗೆ ಬಿಡಿ, ಸರ್ ಪಕ್ಕದಲ್ಲಿ ನಿಂತು ನೋಡಲಿ. ಎಫ್‌ಇಟಿ ಬಫರ್ ಒಂದನ್ನು ಬ್ರೆಡ್‌ಬೋರ್ಡಿನಲ್ಲಿ ಜೋಡಿಸಿ ಲ್ಯಾಬಿನ ಕಿಟಕಿ ಪಕ್ಕದ ಮೇಜಿನ ಮೇಲೆ ಇಟ್ಟಿದ್ದೇನೆ. ಪಕ್ಕೆ ಸೀಳಿದ ನನ್ನ ಗಿಟಾರನ್ನೂ ತಂದಿಟ್ಟಿದ್ದೇನೆ. ಸಮಿತಿಯವರು ಅಂಗಡಿಗೆ ಹೋಗುವ ಮೊದಲು ಒಂದು ಊಟದ ವಿರಾಮದಲ್ಲಿ ಬಂದು ಎರಡನ್ನೂ ನೋಡಿ ಹೋಗಲಿ.